ಅರಿವಳಿಕೆ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

60 ಕಿಲೋ ತೂಕದವರೊಬ್ಬರಿಗೆ ಪಿತ್ತಕೋಶದ ಆಪರೇಶನ್ ಅಂತಿಟ್ಟುಕೊಳ್ಳಿ. ಮುಂಗೈ ಮೇಲಿನ ರಕ್ತನಾಳಕ್ಕೆ ಸೂಜಿ ಹಾಕಿಯಾಗಿದೆ. ಸಿರಿಂಜಿನಲ್ಲಿ ಅಚ್ಚ ಬಿಳಿ ದ್ರವ, ಹೆಸರು ಪ್ರೊಪೊಫಾಲ್. ಕಿಲೋಗೆ 2 ಮಿಲಿಗ್ರಾಂ ಲೆಕ್ಕ ಹಿಡಿದರೆ 120 ಮಿಲಿಗ್ರಾಂ, ಅಂದರೆ 12 ಮಿಲಿಲೀಟರ್. ಬಿಳಿ ಬಣ್ಣ ಔಷಧದ್ದಲ್ಲ. ಪ್ರೊಪೊಫಾಲ್ ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಜೊತೆ ಕಲಸಿ ಕೊಡುತ್ತಾರೆ. "ಸ್ವಲ್ಪ ಕೈ ಉರಿಯುತ್ತೆ, ಹೆದರಬೇಡಿ" ಅಂತ ಮೊದಲೇ ಹೇಳುತ್ತೇವೆ. ಔಷಧ ಕೈಯಿಂದ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಹೃದಯಕ್ಕೆ ಬಂದು ಮಿದುಳು ತಲುಪಲು ಸುಮಾರು ಅರ್ಧ ನಿಮಿಷ ಸಾಕು. ಮಗನ ಹೆಸರು ಹೇಳುತ್ತಿದ್ದವರ ಮಾತು ಅಲ್ಲಿಗೇ ನಿಲ್ಲುತ್ತದೆ. ರೆಪ್ಪೆಗೂದಲು ಮುಟ್ಟಿ ನೋಡುತ್ತೇವೆ, ಕಣ್ಣು ಮಿಟುಕುವುದಿಲ್ಲ. ಸ್ವಲ್ಪ ಹೊತ್ತಿಗೆ ಉಸಿರಾಟವೂ ನಿಲ್ಲುತ್ತದೆ, ಮಾಸ್ಕ್ ಹಿಡಿದು ನಾವೇ ಉಸಿರು ಕೊಡಲು ಶುರು ಮಾಡುತ್ತೇವೆ.

ಆ ಅರ್ಧ ನಿಮಿಷದಲ್ಲಿ ಮಿದುಳಿನೊಳಗೆ ಏನು ನಡೆಯಿತು ಅನ್ನುವುದೇ ಇವತ್ತಿನ ವಿಷಯ. ಔಷಧ ಹೋಗಿ ಇಡೀ ಮಿದುಳನ್ನು ಒಟ್ಟಿಗೆ ಮಂಕಾಗಿಸುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ವಿಜ್ಞಾನಿಗಳೂ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದರು. ಅದು ಹಾಗಲ್ಲ. ಮಿದುಳು ತನ್ನನ್ನು ತಾನು ಹದ್ದುಬಸ್ತಿನಲ್ಲಿಡಲು ಕ್ಷಣಕ್ಷಣವೂ ಬಳಸುವ ಒಂದು ಪ್ರೋಟೀನ್ ಇದೆ. ಔಷಧ ಹೋಗಿ ಕೂರುವುದು ಅದರ ಸಂದಿಯಲ್ಲಿ. ಆ ಪ್ರೋಟೀನ್ ಒಂದು ಜಾಗದಲ್ಲಿದ್ದರೆ ಎಚ್ಚರ ಹೋಗುತ್ತದೆ, ಇನ್ನೊಂದು ಜಾಗದಲ್ಲಿದ್ದರೆ ನೆನಪು ಹೋಗುತ್ತದೆ, ಮತ್ತೊಂದು ಕಡೆ ಕೈಕಾಲಿನ ಮಿಸುಕಾಟ ಹೋಗುತ್ತದೆ. ನಾವು ಅರಿವಳಿಕೆ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ಇಂಥ ಹಲವು ನಷ್ಟಗಳನ್ನು ಸೇರಿಸಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಗಿಲ್ಬರ್ಟ್ ಅಬಟ್ ಎಂಬ ಯುವಕನಿಗೆ ಈಥರ್ ಮೂಸಿಸಿದ. ಜಾನ್ ವಾರನ್ ಕುತ್ತಿಗೆಯ ಗಡ್ಡೆ ತೆಗೆದರು. ಮರುವರ್ಷವೇ ಈಥರ್ ಕಲ್ಕತ್ತೆಗೆ ಬಂತು. ಅದೇ 1847ರಲ್ಲಿ ಎಡಿನ್‌ಬರದಲ್ಲಿ ಸಿಂಪ್ಸನ್ ಕ್ಲೋರೊಫಾರ್ಮ್ ಬಳಸಿದರು. ಈ ಕಥೆ ನಿಮಗೆ ಗೊತ್ತಿರಬಹುದು, ಇಲ್ಲಿ ನಿಲ್ಲುವುದಿಲ್ಲ. ತಲೆನೋವು ಶುರುವಾಗಿದ್ದು ಆಮೇಲೆ. ಈಥರ್, ಕ್ಲೋರೊಫಾರ್ಮ್, ನೈಟ್ರಸ್ ಆಕ್ಸೈಡ್, ಮುಂದೆ ಕ್ಸೆನಾನ್. ಕ್ಸೆನಾನ್ ಬರೀ ಒಂಟಿ ಪರಮಾಣುವಿನ ಅನಿಲ, ಸುಲಭಕ್ಕೆ ಯಾವುದರ ಜೊತೆಗೂ ಸೇರದ ಜಡ ಅನಿಲ. ಅದೂ ಪ್ರಜ್ಞೆ ತಪ್ಪಿಸುತ್ತದೆ! ಆಕಾರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಇವೆಲ್ಲ ಒಂದೇ ಕೆಲಸ ಮಾಡುವುದು ಹೇಗೆ?

1899ರಲ್ಲಿ ಜರ್ಮನಿಯ ಹಾನ್ಸ್ ಮೇಯರ್, 1901ರಲ್ಲಿ ಚಾರ್ಲ್ಸ್ ಓವರ್ಟನ್, ಬೇರೆಬೇರೆಯಾಗಿಯೇ ಕೆಲಸ ಮಾಡಿ ಒಂದೇ ಉತ್ತರ ಕೊಟ್ಟರು. ಗೊದಮೊಟ್ಟೆಗಳನ್ನು ಔಷಧ ಬೆರೆಸಿದ ನೀರಿನಲ್ಲಿ ಬಿಟ್ಟು, ಅವು ಈಜುವುದನ್ನು ನಿಲ್ಲಿಸಲು ಎಷ್ಟು ಔಷಧ ಬೇಕು ಅಂತ ಅಳೆದರು. ಆಮೇಲೆ ಅದೇ ಔಷಧ ಆಲಿವ್ ಎಣ್ಣೆಯಲ್ಲಿ ಎಷ್ಟು ಕರಗುತ್ತದೆ ಅಂತ ನೋಡಿದರು. ಎಣ್ಣೆಯಲ್ಲಿ ಹೆಚ್ಚು ಕರಗುವ ಔಷಧ ಕಡಿಮೆ ಸಾಕು, ಕಡಿಮೆ ಕರಗುವುದು ಹೆಚ್ಚು ಬೇಕು. ಎರಡೂ ಅಳತೆಗಳು ಅಷ್ಟು ಅಚ್ಚುಕಟ್ಟಾಗಿ ಹೊಂದುವುದನ್ನು ಜೀವವಿಜ್ಞಾನದಲ್ಲಿ ಕಾಣುವುದು ಅಪರೂಪ. ನರಕೋಶದ ಪೊರೆ ಕೊಬ್ಬಿನದು ತಾನೇ? ಔಷಧ ಆ ಕೊಬ್ಬಿನಲ್ಲಿ ಕರಗಿ ಪೊರೆಯನ್ನು ಸಡಿಲ ಮಾಡುತ್ತದೆ, ಅದರಿಂದ ಪ್ರಜ್ಞೆ ಹೋಗುತ್ತದೆ, ಅಂತ ತೀರ್ಮಾನವಾಯಿತು. ಸುಮಾರು 80 ವರ್ಷ ಪಠ್ಯಪುಸ್ತಕಗಳು ಇದನ್ನೇ ಹೇಳಿದವು.

ಈ ವಾದಕ್ಕೆ ಬಿದ್ದ ಮೊದಲ ಪೆಟ್ಟು ಬಹಳ ಸರಳವಾದದ್ದು. ಆಪರೇಶನ್ನಿಗೆ ಬೇಕಾದಷ್ಟು ಔಷಧ ಕೊಟ್ಟಾಗ ಪೊರೆ ಎಷ್ಟು ಸಡಿಲವಾಗುತ್ತದೆ ಅಂತ ಅಳೆದರು. ಮೈ ಬಿಸಿ ಒಂದು ಡಿಗ್ರಿ ಏರಿದರೂ ಅಷ್ಟೇ ಸಡಿಲವಾಗುತ್ತದೆ. ಹಾಗಿದ್ದರೆ ಜ್ವರ ಬಂದವರೆಲ್ಲ ಪ್ರಜ್ಞೆ ತಪ್ಪಿ ಬೀಳಬೇಕಿತ್ತು. ಎರಡನೆಯದು ಎಡ-ಬಲದ ವಿಷಯ. ಎಟೊಮಿಡೇಟ್ ಎಂಬ ಅರಿವಳಿಕೆಯ ಅಣು ಎರಡು ರೂಪದಲ್ಲಿರಬಹುದು, ಒಂದು ಇನ್ನೊಂದರ ಕನ್ನಡಿ ಬಿಂಬ. ಎಣ್ಣೆಯಲ್ಲಿ ಎರಡೂ ಒಂದೇ ಸಮ ಕರಗುತ್ತವೆ. ಆದರೆ ಒಂದು ರೂಪ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಪ್ರಬಲ, ಆಸ್ಪತ್ರೆಯಲ್ಲಿ ಬಳಸುವುದೂ ಆ ರೂಪವನ್ನೇ. ಕೊಬ್ಬಿಗೆ ಎಡ-ಬಲದ ಭೇದ ಅಷ್ಟಾಗಿ ತಿಳಿಯುವುದಿಲ್ಲ. ಪ್ರೋಟೀನಿಗೆ ತಿಳಿಯುತ್ತದೆ.

ಇನ್ನೊಂದು ಪ್ರಯೋಗ ನನಗೆ ಬಹಳ ಪ್ರಿಯವಾದದ್ದು. 1984ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕ್ ಫ್ರಾಂಕ್ಸ್ ಮತ್ತು ಬಿಲ್ ಲೀಬ್ ಮಿಣುಕುಹುಳದ ಪ್ರೋಟೀನ್ ತೆಗೆದುಕೊಂಡರು. ಮಿಣುಕುಹುಳದ ಹೊಟ್ಟೆಯಲ್ಲಿ ಲೂಸಿಫೆರೇಸ್ ಎಂಬ ಕಿಣ್ವ ಇದೆ, ಅದು ಲೂಸಿಫೆರಿನ್ ಎಂಬ ಪದಾರ್ಥವನ್ನು ಹಿಡಿದು ಬೆಳಕು ಹೊಮ್ಮಿಸುತ್ತದೆ. ಅದನ್ನು ಶುದ್ಧ ಮಾಡಿ ನೀರಿನಲ್ಲಿ ಕರಗಿಸಿದರು. ಕೊಬ್ಬು ಇಲ್ಲ, ಪೊರೆ ಇಲ್ಲ, ನರಕೋಶವಂತೂ ಇಲ್ಲವೇ ಇಲ್ಲ. ಅದಕ್ಕೆ ಅರಿವಳಿಕೆ ಔಷಧಗಳನ್ನು ಒಂದೊಂದಾಗಿ ಬೆರೆಸಿದರು. ಬೆಳಕು ಮಂಕಾಯಿತು. ಅಷ್ಟೇ ಆಗಿದ್ದರೆ ದೊಡ್ಡ ಸುದ್ದಿಯಲ್ಲ. ಪ್ರಾಣಿಯೊಂದರ ಪ್ರಜ್ಞೆ ತಪ್ಪಿಸಲು ಯಾವ ಔಷಧ ಎಷ್ಟು ಬೇಕೋ, ಈ ಪ್ರೋಟೀನಿನ ಬೆಳಕನ್ನು ಅರ್ಧಕ್ಕಿಳಿಸಲೂ ಹೆಚ್ಚುಕಡಿಮೆ ಅಷ್ಟೇ ಬೇಕಾಯಿತು. ತೀರಾ ದುರ್ಬಲ ಔಷಧಕ್ಕೂ ತೀರಾ ಪ್ರಬಲ ಔಷಧಕ್ಕೂ ಒಂದು ಲಕ್ಷ ಪಟ್ಟು ಅಂತರವಿದ್ದರೂ ಆ ಲೆಕ್ಕ ತಪ್ಪಲಿಲ್ಲ. ಔಷಧ ಲೂಸಿಫೆರಿನ್ ಕೂರುವ ಜಾಗಕ್ಕೇ ಪೈಪೋಟಿ ನಡೆಸುತ್ತಿತ್ತು.

ಮೇಯರ್ ಮತ್ತು ಓವರ್ಟನ್ ಅಳತೆ ತಪ್ಪಿರಲಿಲ್ಲ ಅನ್ನುವುದನ್ನು ಗಮನಿಸಿ. ಅವರ ಅಂಕಿಗಳು ಇವತ್ತಿಗೂ ಸರಿ. ಪ್ರೋಟೀನಿನ ಒಳಗೂ ನೀರು ಸೇರದ, ಎಣ್ಣೆಗೆ ಒಗ್ಗುವ ಪುಟ್ಟ ಪೊಟರೆಗಳಿರುತ್ತವೆ. ಎಣ್ಣೆಯನ್ನು ಇಷ್ಟಪಡುವ ಔಷಧ ಅಲ್ಲಿಗೂ ಹೋಗಿ ಸೇರುತ್ತದೆ. ಇನ್ನು ಹುಡುಕಬೇಕಿದ್ದದ್ದು ಮಿದುಳಿನ ಯಾವ ಪ್ರೋಟೀನ್ ಅಂತ.

ಇಲ್ಲಿ ಗಾಬಾ ಬರುತ್ತದೆ. ಪೂರ್ತಿ ಹೆಸರು ಗಾಮಾ-ಅಮೈನೋಬ್ಯುಟಿರಿಕ್ ಆಮ್ಲ. ಮಿದುಳಿನಲ್ಲಿ ಇದು ಹೇರಳವಾಗಿದೆ ಅಂತ 1950ರಲ್ಲಿ ಯೂಜೀನ್ ರಾಬರ್ಟ್ಸ್ ತೋರಿಸಿದರು. ಇದು ನರಕೋಶವನ್ನು ಸುಮ್ಮನಾಗಿಸುವ ಪದಾರ್ಥ ಅನ್ನುವುದಕ್ಕೆ ದಾರಿ ಸಿಕ್ಕಿದ್ದು 1957ರಲ್ಲಿ, ಕೆನಡಾದಲ್ಲಿ ಅರ್ನ್‌ಸ್ಟ್ ಫ್ಲೋರಿ ಮತ್ತು ಜೊತೆಗಾರರು ದನದ ಮಿದುಳಿನ ಸಾರದಿಂದ ಬೇರ್ಪಡಿಸಿದ ತಡೆಯುವ ಅಂಶ ಗಾಬಾವೇ ಅಂತ ಗೊತ್ತಾದಾಗ. ಮಿದುಳಿನ ಹೊರಪದರದಲ್ಲಿ ಐದರಲ್ಲಿ ಸುಮಾರು ಒಂದು ನರಕೋಶದ ಕೆಲಸವೇ ಉಳಿದವನ್ನು ತಡೆಯುವುದು. ನೀವು ಈಗ ನನ್ನ ಮಾತು ಕೇಳುತ್ತ ಫ್ಯಾನಿನ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೂತಿದ್ದೀರಲ್ಲ, ಅದರಲ್ಲೂ ಈ ಕೋಶಗಳ ಕೈವಾಡ ಇದೆ.

ಈ ತಡೆ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಶ್ಚಿಮ ಘಟ್ಟದಲ್ಲೇ ಎರಡು ಸಾಕ್ಷಿಗಳಿವೆ. ಒಂದು ಕಾಕಮಾರಿ ಬಳ್ಳಿ. ಅದರ ಕಾಯಿ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಆ ಕಾಯಲ್ಲಿರುವ ಪಿಕ್ರೊಟಾಕ್ಸಿನ್ ಗಾಬಾ ತೆರೆಯುವ ದಾರಿಯನ್ನೇ ಮುಚ್ಚುತ್ತದೆ. ಮನುಷ್ಯರ ಹೊಟ್ಟೆ ಸೇರಿದರೆ ಫಿಟ್ಸ್ ಬರುತ್ತದೆ. ಬಾರ್ಬಿಚುರೇಟ್ ನಿದ್ದೆಮಾತ್ರೆ ನುಂಗಿ ಪ್ರಜ್ಞೆ ತಪ್ಪಿದವರಿಗೆ ಕಳೆದ ಶತಮಾನದ ಮೊದಲರ್ಧದಲ್ಲಿ ಈ ಪಿಕ್ರೊಟಾಕ್ಸಿನ್ನನ್ನೇ ಪ್ರತಿವಿಷವಾಗಿ ಚುಚ್ಚುತ್ತಿದ್ದರು. ಅಪಾಯದ ಚಿಕಿತ್ಸೆ, ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಬಾರ್ಬಿಚುರೇಟ್ ಮಾಡುವುದನ್ನು ಕಾಕಮಾರಿ ಬಿಡಿಸುತ್ತದೆ ಅನ್ನುವುದು ಆಗಲೇ ಕಣ್ಣೆದುರು ಇತ್ತು. ಇನ್ನೊಂದು ಸಾಕ್ಷಿ ಕಾಸರಕ. ಅದರ ಬೀಜದ ಸ್ಟ್ರಿಕ್ನೀನ್ ಬೆನ್ನುಹುರಿಯಲ್ಲಿರುವ ಗ್ಲೈಸೀನ್ ಗ್ರಾಹಕ ಎಂಬ ಇನ್ನೊಂದು ತಡೆಯನ್ನು ಕಟ್ಟಿಹಾಕುತ್ತದೆ. ಗ್ರಾಹಕ ಅಂದರೆ ಕೋಶದ ಪೊರೆಯಲ್ಲಿ ನಿಂತು ಇಂಥ ಪದಾರ್ಥಗಳನ್ನು ಹಿಡಿದುಕೊಳ್ಳುವ ಪ್ರೋಟೀನ್. ವಿಷವೇರಿದವರ ಮೈ ಸೆಟೆದು ಬಿಲ್ಲಾಗುತ್ತದೆ, ಎಚ್ಚರ ಮಾತ್ರ ಪೂರ್ತಿ ಇರುತ್ತದೆ. ಸೆವೊಫ್ಲುರೇನ್, ಐಸೊಫ್ಲುರೇನ್ ಥರದ ಮೂಸಿಸುವ ಅರಿವಳಿಕೆಗಳು ಈ ಗ್ಲೈಸೀನ್ ಗ್ರಾಹಕವನ್ನೂ ಬಲಪಡಿಸುತ್ತವೆ.

ಈಗ ಗಾಬಾ ಬಂದು ಕೂರುವ ಗಾಬಾ-ಎ ಗ್ರಾಹಕವನ್ನು ಹತ್ತಿರದಿಂದ ನೋಡೋಣ. ನಾನು ಮೊದಲಲ್ಲಿ ಹೇಳಿದ ಪ್ರೋಟೀನ್ ಇದೇ. ಐದು ಪ್ರೋಟೀನ್ ತುಂಡುಗಳು ವೃತ್ತಾಕಾರವಾಗಿ ನಿಂತು ನಡುವೆ ಒಂದು ಕಿರಿದಾದ ದಾರಿ ಮಾಡಿಕೊಂಡಿವೆ. ಅದರ ಮೇಲರ್ಧ ಕೋಶದ ಹೊರಗೆ ಚಾಚಿದೆ, ಕೆಳಭಾಗ ಪೊರೆಯಲ್ಲಿ ಹೂತಿದೆ. ಈ ತುಂಡುಗಳಿಗೆ ನಮ್ಮ ದೇಹದಲ್ಲಿ 19 ಜೀನ್‌ಗಳಿವೆ. ಆಲ್ಫಾದಲ್ಲಿ ಆರು ಬಗೆ, ಬೀಟಾದಲ್ಲಿ ಮೂರು, ಗಾಮಾದಲ್ಲಿ ಮೂರು, ಹೀಗೆ. ಮಿದುಳಿನ ಯಾವ ಮೂಲೆಯಲ್ಲಿ ಯಾವ ಐದು ಸೇರಿಕೊಂಡಿವೆ ಅನ್ನುವುದು ಬೇರೆಬೇರೆ. ಅತಿ ಸಾಮಾನ್ಯವಾದದ್ದರಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ ಇರುತ್ತದೆ. ಹೊರಗಿನ ಭಾಗದಲ್ಲಿ, ಬೀಟಾ ಮತ್ತು ಆಲ್ಫಾ ಸೇರುವ ಕಡೆ ಗಾಬಾ ಬಂದು ಕೂತಾಗ ನಡುವಿನ ದಾರಿ ತೆರೆಯುತ್ತದೆ. ಕ್ಲೋರೈಡ್ ಅಯಾನುಗಳು ಒಳಗೆ ನುಗ್ಗುತ್ತವೆ. ಕ್ಲೋರೈಡಿಗೆ ಋಣ ವಿದ್ಯುದಂಶ. ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಮೊದಲೇ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ, ಕ್ಲೋರೈಡ್ ಸೇರಿದಾಗ ಅದು ಸುಲಭಕ್ಕೆ ಕೆರಳದ ಸ್ಥಿತಿಗೆ ಹೋಗುತ್ತದೆ. ಕೆಲವು ಹತ್ತು ಮಿಲಿಸೆಕೆಂಡಿನಲ್ಲಿ ದಾರಿ ಮುಚ್ಚುತ್ತದೆ, ಕೋಶ ಮತ್ತೆ ಮಾತಿಗೆ ಸಿದ್ಧ.

ಪ್ರೊಪೊಫಾಲ್ ಗಾಬಾದ ಜಾಗಕ್ಕೆ ಕೈಹಾಕುವುದಿಲ್ಲ. ಅದೇ ಬೀಟಾ-ಆಲ್ಫಾ ಸಂದಿಯಲ್ಲಿ, ಇನ್ನೂ ಕೆಳಗೆ, ಪೊರೆಯ ಒಳಗೆ ಹೂತಿರುವ ಭಾಗದಲ್ಲಿ ಎಣ್ಣೆಗೆ ಒಗ್ಗುವ ಒಂದು ಪೊಟರೆ ಇದೆ. ಅಲ್ಲಿ ಸೇರಿಕೊಳ್ಳುತ್ತದೆ. ಗಾಳಿಗೆ ಮುಚ್ಚಿಕೊಳ್ಳದಿರಲಿ ಅಂತ ತೆರೆದ ಬಾಗಿಲಿನಡಿ ಒಂದು ಚಿಕ್ಕ ಮರದ ಬೆಣೆ ಇಡುತ್ತೇವಲ್ಲ, ಆ ಕೆಲಸ ಇದರದ್ದು. ಬಾಗಿಲು ತೆರೆದದ್ದು ಗಾಬಾ, ಬೇಗ ಮುಚ್ಚದಂತೆ ಮಾಡಿದ್ದು ಪ್ರೊಪೊಫಾಲ್. ಪ್ರತಿ ಸಲವೂ ಕ್ಲೋರೈಡ್ ಹರಿಯುವ ಹೊತ್ತು ಹಿಗ್ಗುತ್ತದೆ, ಕೋಟ್ಯಂತರ ಸಂದಿಗಳಲ್ಲಿ ಒಟ್ಟಿಗೆ. 2020ರಲ್ಲಿ ರಯಾನ್ ಹಿಬ್ಸ್ ಅವರ ಪ್ರಯೋಗಾಲಯ ಈ ಗ್ರಾಹಕವನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಪ್ರೊಪೊಫಾಲ್, ಎಟೊಮಿಡೇಟ್, ಬಾರ್ಬಿಚುರೇಟ್, ಡಯಜೆಪಾಮ್ ಎಲ್ಲೆಲ್ಲಿ ಕೂತಿವೆ ಅನ್ನುವುದರ ಚಿತ್ರವನ್ನೇ ಪ್ರಕಟಿಸಿತು. ಎಟೊಮಿಡೇಟ್ ಮತ್ತು ಪ್ರೊಪೊಫಾಲ್ ಒಂದೇ ಸಂದಿಯಲ್ಲಿ, ಬಾರ್ಬಿಚುರೇಟ್ ಪಕ್ಕದ ಸಂದಿಗಳಲ್ಲಿ. ನಾವು ಓದುವಾಗ ಬರೀ ಊಹೆಯ ಚೌಕಗಳಾಗಿ ಬರೆದುಕೊಂಡಿದ್ದನ್ನು ಅಣುವಣುವಾಗಿ ನೋಡುವುದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು, ಇದು ಜೀವದ ಪ್ರಶ್ನೆ. ಡಯಜೆಪಾಮ್, ಅಲ್ಪ್ರಜೋಲಾಮ್ ಥರದ ಮಾತ್ರೆಗಳು ಮುಖ್ಯವಾಗಿ ಗ್ರಾಹಕದ ಹೊರಭಾಗದಲ್ಲಿ, ಆಲ್ಫಾ-ಗಾಮಾ ಸಂದಿಯಲ್ಲಿ ಕೂರುತ್ತವೆ. ಗಾಬಾ ಬಂದರೆ ಅದರ ಕೆಲಸಕ್ಕೆ ಒತ್ತು ಕೊಡುತ್ತವೆ, ಬಾರದಿದ್ದರೆ ತಾವಾಗಿ ದಾರಿ ತೆರೆಯಲಾರವು. ಪ್ರೊಪೊಫಾಲ್ ಮತ್ತು ಬಾರ್ಬಿಚುರೇಟ್ ಪ್ರಮಾಣ ಏರಿದರೆ ಗಾಬಾ ಇಲ್ಲದೆಯೂ ತಾವೇ ತೆರೆಯಬಲ್ಲವು. ಮೊದಲನೆಯ ಗುಂಪಿಗೆ ಒಂದು ಮೇಲ್ಮಿತಿ ಇದೆ, ಎರಡನೆಯದಕ್ಕೆ ಇಲ್ಲ. ಜೊತೆಗೆ ಮೊದಲನೆಯದಕ್ಕೆ ಫ್ಲುಮಜೆನಿಲ್ ಎಂಬ ಪ್ರತಿಮದ್ದು ಇದೆ, ಪ್ರೊಪೊಫಾಲಿಗೆ ಅಂಥದ್ದೊಂದು ಇಲ್ಲ. ಅದಕ್ಕೇ ಪ್ರೊಪೊಫಾಲ್ ಕೊಡುವವರಿಗೆ ಉಸಿರು ನಿಂತರೆ ಉಸಿರು ಕೊಡಲು ಬರಬೇಕು, ಕೈಗೆಟಕುವಂತೆ ಅದಕ್ಕೆ ಬೇಕಾದ ಸಲಕರಣೆ ಇರಬೇಕು. ಇಷ್ಟಿಲ್ಲದ ಕಡೆ ಆ ಬಿಳಿ ಔಷಧ ಹೊರಗೆ ತೆಗೆಯಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಗ್ರಾಹಕ ಸಿಕ್ಕಿತು ಸರಿ. ಆದರೆ ಪ್ರಜ್ಞೆ ತಪ್ಪುವುದು ಅದರಿಂದಲೇ ಅಂತ ಏನು ಗ್ಯಾರಂಟಿ? ಪಾತ್ರೆಯಲ್ಲಿಟ್ಟ ಕೋಶದ ಮೇಲೆ ಏನೋ ಆಗುತ್ತದೆ ಅಂದ ಮಾತ್ರಕ್ಕೆ ಜೀವಂತ ಪ್ರಾಣಿಯಲ್ಲೂ ಕಾರಣ ಅದೇ ಆಗಬೇಕೆಂದಿಲ್ಲ. ಇದನ್ನು ಬಗೆಹರಿಸಿದ್ದು ಇಲಿಗಳು. ಗ್ರಾಹಕದ ಬೀಟಾ-3 ತುಂಡಿನಲ್ಲಿ 265ನೇ ಜಾಗದ ಅಮೈನೋ ಆಮ್ಲ ಆಸ್ಪರಾಜಿನ್. ಅದು ಸರಿಯಾಗಿ ಆ ಪೊಟರೆಯ ಗೋಡೆಯಲ್ಲಿದೆ. ಝೂರಿಕ್‌ನಲ್ಲಿ ಉವೆ ರುಡಾಲ್ಫ್ ಅವರ ತಂಡ ಆ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಮೆಥಿಯೋನಿನ್ ಇರುವ ಇಲಿಗಳನ್ನು ಬೆಳೆಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಗಾಬಾ ಎಂದಿನಂತೆ ಕೂರುತ್ತದೆ, ಎಂದಿನಂತೆ ತೆರೆಯುತ್ತದೆ. ಹಾಗಾಗಿ ಇಲಿ ಓಡಾಡಿಕೊಂಡು, ತಿಂದುಕೊಂಡು ಇರುತ್ತದೆ. ಪ್ರೊಪೊಫಾಲಿಗೂ ಎಟೊಮಿಡೇಟಿಗೂ ಮಾತ್ರ ಬೀಟಾ-3 ಇರುವ ಗ್ರಾಹಕ ಬಗ್ಗುವುದಿಲ್ಲ.

ಮಾಮೂಲಿ ಇಲಿಗೆ ಪ್ರೊಪೊಫಾಲ್ ಕೊಟ್ಟು ಕಾಲು ಚಿವುಟಿದರೆ ಎಳೆದುಕೊಳ್ಳುವುದಿಲ್ಲ. ಈ ಇಲಿಗಳು ಅದೇ ಔಷಧ ಕೊಟ್ಟಾಗಲೂ ಕಾಲು ಎಳೆದುಕೊಂಡವು. ಅಂದರೆ ನೋವಿನ ಚುಚ್ಚಿಗೂ ಮಿಸುಕದಂತೆ ಮಾಡುವ ಗುಣ ಪೂರ್ತಿ ಹೊರಟುಹೋಗಿತ್ತು. ಆದರೆ ಬೆನ್ನ ಮೇಲೆ ಮಲಗಿಸಿದರೆ? ಎಚ್ಚರವಿರುವ ಇಲಿ ತಕ್ಷಣ ಹೊರಳಿ ನಾಲ್ಕು ಕಾಲ ಮೇಲೆ ನಿಲ್ಲುತ್ತದೆ. ಈ ಇಲಿಗಳು ಔಷಧ ಕೊಟ್ಟಾಗ ಹೊರಳದೆ ಮಲಗಿದವು, ಮಾಮೂಲಿಗಿಂತ ಬೇಗ ಎದ್ದವು ಅಷ್ಟೇ. ಮಂಪರು ಇನ್ನೂ ಸ್ವಲ್ಪ ಉಳಿದಿತ್ತು, ಯಾಕೆಂದರೆ ಬೀಟಾ-2 ತುಂಡಿಗೆ ಯಾರೂ ಕೈಹಚ್ಚಿರಲಿಲ್ಲ. ಅದೇ ವರ್ಷ ಇನ್ನೊಂದು ತಂಡ ಬೀಟಾ-2ರಲ್ಲಿ ಅದೇ ಜಾಗ ಬದಲಿಸಿದ ಇಲಿಗಳನ್ನು ತೋರಿಸಿತು. ಅವುಗಳಲ್ಲಿ ಎಟೊಮಿಡೇಟಿನ ಮಂಪರು ಕಡಿಮೆಯಾಗಿತ್ತು. ಒಂದು ಅಮೈನೋ ಆಮ್ಲ ಬದಲಾದರೆ ಇಡೀ ಪ್ರಾಣಿಯ ವರ್ತನೆ ಬದಲಾಗುತ್ತದೆ ಅಂದಮೇಲೆ, ಪೊರೆಯ ಕೊಬ್ಬಿನ ಹಳೇ ಕಥೆಗೆ ಈ ಔಷಧಗಳ ಮಟ್ಟಿಗಂತೂ ಜಾಗ ಉಳಿಯಲಿಲ್ಲ.

ನೆನಪಿನ ವಿಷಯ ಇನ್ನೂ ಬೇರೆ. ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪು ಕಟ್ಟುವ ಜಾಗ. ಅಲ್ಲಿ ಆಲ್ಫಾ-5 ಇರುವ ಗ್ರಾಹಕಗಳು ಹೆಚ್ಚು. ಟೊರಾಂಟೊದ ಬೆವರ್ಲಿ ಓರ್ಸರ್ ತಂಡ 2006ರಲ್ಲಿ ಆಲ್ಫಾ-5 ಇಲ್ಲದ ಇಲಿಗಳಿಗೆ ಎಟೊಮಿಡೇಟ್ ಕೊಟ್ಟಿತು. ಅವು ಮಂಪರಿಗೆ ಹೋದವು, ಆದರೆ ಕಲಿತದ್ದನ್ನು ಮರೆಯಲಿಲ್ಲ. ಇದನ್ನು ನಾವು ಆಸ್ಪತ್ರೆಯಲ್ಲಿ ದಿನವೂ ಇನ್ನೊಂದು ದಿಕ್ಕಿನಿಂದ ಕಾಣುತ್ತೇವೆ. ಥಿಯೇಟರಿಗೆ ಕರೆದೊಯ್ಯುವ ಮೊದಲು ಡಯಜೆಪಾಮ್ ಗುಂಪಿನದೇ ಆದ ಮಿಡಜೋಲಾಮ್ ಒಂದಿಷ್ಟು ಕೊಟ್ಟಿರುತ್ತೇವೆ. ರೋಗಿ ಊರಿನ ಸುದ್ದಿ ಹೇಳುತ್ತಾರೆ, ತಾವೇ ಸ್ಟ್ರೆಚರಿನಿಂದ ಟೇಬಲ್ಲಿಗೆ ಸರಿಯುತ್ತಾರೆ. ಮರುದಿನ ಕೇಳಿದರೆ "ನನ್ನನ್ನ ಒಳಗೆ ಕರ್ಕೊಂಡು ಹೋಗಿದ್ದೇ ಗೊತ್ತಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಎಚ್ಚರ ಇತ್ತು, ನೆನಪು ಕಟ್ಟಲಿಲ್ಲ.

ಮೈ ಮಿಸುಕದಿರುವುದಂತೂ ಬಹುಮಟ್ಟಿಗೆ ಬೆನ್ನುಹುರಿಯ ವ್ಯವಹಾರ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಡುಗಳ ಮಿದುಳಿಗೆ ಮಾತ್ರ ಐಸೊಫ್ಲುರೇನ್ ಹೋಗುವಂತೆ, ಬೆನ್ನುಹುರಿಗೆ ಹೋಗದಂತೆ ರಕ್ತಸಂಚಾರ ಬೇರೆ ಮಾಡಿ ನೋಡಿದರು. ಆಡು ಮಿಸುಕದಿರಲು ಮಾಮೂಲಿಗಿಂತ ಎರಡು ಪಟ್ಟಿಗೂ ಹೆಚ್ಚು ಔಷಧ ಬೇಕಾಯಿತು. ಆಪರೇಶನ್ ಮಧ್ಯೆ ರೋಗಿಯ ಕೈ ಸ್ವಲ್ಪ ಅಲುಗಿತು ಅಂದರೆ ಎಚ್ಚರವಾಗಿದ್ದಾರೆ ಅಂತಲೇ ಅರ್ಥವಲ್ಲ. ಅಲುಗಲಿಲ್ಲ ಅಂದರೆ ಎಚ್ಚರವಿಲ್ಲ ಅಂತಲೂ ಖಾತ್ರಿಯಲ್ಲ. ಎಚ್ಚರ, ನೆನಪು, ಮಿಸುಕಾಟ, ಉಸಿರು, ರಕ್ತದೊತ್ತಡ, ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಕೈಬಿಡುತ್ತವೆ, ವಾಪಸು ಬರುವುದೂ ಹಾಗೆಯೇ. ನಾವು ಪೂರ್ತಿ ಹೊತ್ತು ರೋಗಿಯ ತಲೆಯ ಬಳಿ ಕೂತಿರುವುದು ಇವನ್ನೆಲ್ಲ ಬೇರೆಬೇರೆಯಾಗಿ ನೋಡಿಕೊಳ್ಳಲು.

"ನಿದ್ದೆ ಬರಿಸ್ತೀವಿ" ಅಂತ ರೋಗಿಗೆ ನಾವೇ ಹೇಳುತ್ತೇವೆ, ಧೈರ್ಯಕ್ಕೆ. ಅದು ಪೂರ್ತಿ ಸುಳ್ಳಲ್ಲ. ನಿದ್ದೆ ಬರಿಸುವ ಹೈಪೊಥಲಮಸ್‌ನ ನರಜಾಲವನ್ನು ಈ ಔಷಧಗಳೂ ಬಳಸಿಕೊಳ್ಳುತ್ತವೆ ಅಂತ 2002ರಲ್ಲಿ ತೋರಿಸಿದ್ದಾರೆ. ಆದರೆ ನಿದ್ದೆಯಲ್ಲಿ ಚಿವುಟಿದರೆ ಏಳುತ್ತೀರಿ. ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಗೆರೆಚಿತ್ರ, ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರೊಪೊಫಾಲಿನಲ್ಲಿ ಹಣೆಯ ಕಡೆ ಸೆಕೆಂಡಿಗೆ 8ರಿಂದ 12 ಸಲ ಏರಿಳಿಯುವ ಆಲ್ಫಾ ಅಲೆ (ಗ್ರಾಹಕದ ಆಲ್ಫಾ ತುಂಡಿಗೂ ಈ ಹೆಸರಿಗೂ ಸಂಬಂಧವಿಲ್ಲ), ಅದರ ಕೆಳಗೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆಯ ನಿಧಾನದ ದೊಡ್ಡ ಅಲೆ. ಇನ್ನೂ ಔಷಧ ಏರಿದರೆ ಗೆರೆ ಕೆಲವು ಸೆಕೆಂಡು ಮಟ್ಟಸವಾಗಿ ಬಿದ್ದು, ಮತ್ತೆ ಒಂದಿಷ್ಟು ಕುಣಿದು, ಮತ್ತೆ ಮಟ್ಟಸವಾಗುತ್ತದೆ. ಮಾಮೂಲಿ ನಿದ್ದೆ ಯಾವತ್ತೂ ಅಷ್ಟು ಆಳಕ್ಕೆ ಹೋಗುವುದಿಲ್ಲ. ಈ ಅಲೆಗಳನ್ನು ವಿವರವಾಗಿ ಗುರುತಿಸಿದ ಎಮೆರಿ ಬ್ರೌನ್, ಪ್ಯಾಟ್ರಿಕ್ ಪರ್ಡನ್ ಕೆಲಸ ಮಾಡಿದ್ದು ಮಾರ್ಟನ್ ಈಥರ್ ಕೊಟ್ಟ ಅದೇ ಬಾಸ್ಟನ್ ಆಸ್ಪತ್ರೆಯಲ್ಲಿ.

ಹಾಗಂತ ಗಾಬಾ ಒಂದರಿಂದಲೇ ಎಲ್ಲವೂ ಅಂತ ಹೇಳುವವರ ಜೊತೆ ನಾನಿಲ್ಲ. ಕೆಟಮಿನ್, ನೈಟ್ರಸ್ ಆಕ್ಸೈಡ್, ಕ್ಸೆನಾನ್ ಮೂರೂ ಗಾಬಾ ಗ್ರಾಹಕವನ್ನು ಹೆಚ್ಚೇನೂ ಮುಟ್ಟುವುದಿಲ್ಲ. ಅವು ಮುಖ್ಯವಾಗಿ ಎನ್‌ಎಂಡಿಎ ಎಂಬ ಕೆರಳಿಸುವ ಗ್ರಾಹಕವನ್ನು ಕಟ್ಟಿಹಾಕುತ್ತವೆ. ಮೂಸಿಸುವ ಔಷಧಗಳು ಗಾಬಾ, ಗ್ಲೈಸೀನ್ ಜೊತೆಗೆ ಕೆಲವು ಪೊಟ್ಯಾಸಿಯಂ ದಾರಿಗಳನ್ನೂ ತೆರೆಯುತ್ತವೆ. ಇನ್ನು ನಮ್ಮ ಹಿತ್ತಲಿನ ಮುಟ್ಟಿದರೆ ಮುನಿ ಗಿಡವನ್ನೇ ನೋಡಿ. 1870ರ ದಶಕದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಅದಕ್ಕೆ ಈಥರ್ ಹೊಗೆ ಕೊಟ್ಟಾಗ, ಮುಟ್ಟಿದರೂ ಎಲೆ ಮಡಚಲಿಲ್ಲ. ಈಥರ್ ತೆಗೆದು ಗಾಳಿಗಿಟ್ಟ ಮೇಲೆ ಮತ್ತೆ ಮಡಚಿತು. ಗಿಡಕ್ಕೆ ಮಿದುಳಿಲ್ಲ, ನರಕೋಶವಿಲ್ಲ, ಗಾಬಾ-ಎ ಗ್ರಾಹಕವೂ ಇಲ್ಲ. ಇಲಿಯ ಪ್ರಯೋಗದಷ್ಟೇ ಗೌರವವನ್ನು ಈ ಗಿಡಕ್ಕೂ ಕೊಡಬೇಕು.

ಇನ್ನು ನಿಮ್ಮ ಪ್ರಶ್ನೆಗಳು.

ಆಪರೇಶನ್ ಮಧ್ಯೆ ಎಚ್ಚರ ಆಗಿಬಿಟ್ಟರೆ?

ಅಪರೂಪ, ಆದರೆ ಇದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ ದೊಡ್ಡ ಸಮೀಕ್ಷೆ 2014ರಲ್ಲಿ ಹೊರಬಂತು. ಸುಮಾರು 19,000 ಅರಿವಳಿಕೆಗೆ ಒಬ್ಬರು ತಾವಾಗಿ ಬಂದು ಎಚ್ಚರವಾಗಿದ್ದೆ ಅಂತ ಹೇಳಿದ್ದರು. ಸ್ನಾಯು ಸಡಿಲಿಸುವ ಔಷಧ ಕೊಟ್ಟವರಲ್ಲಿ ಇದು ಸುಮಾರು 8,000ಕ್ಕೆ ಒಬ್ಬರು, ಕೊಡದವರಲ್ಲಿ ಸುಮಾರು 1,36,000ಕ್ಕೆ ಒಬ್ಬರು. ಆ ಔಷಧ ಕೆಲಸ ಮಾಡುವುದು ಸ್ನಾಯುವಿನ ಮೇಲಿನ ಅಸಿಟೈಲ್‌ಕೋಲಿನ್ ಗ್ರಾಹಕದ ಮೇಲೆ, ಮಿದುಳಿನ ಮೇಲೆ ಅಲ್ಲ. ಮೈ ಕಟ್ಟಿಹಾಕಿದಂತಾಗುತ್ತದೆ, ಎಚ್ಚರಕ್ಕೆ ಅದರಿಂದ ಏನೂ ಆಗುವುದಿಲ್ಲ. ಒಂದು ಸಲ ಕೊಟ್ಟ ಪ್ರೊಪೊಫಾಲ್ ಐದು-ಹತ್ತು ನಿಮಿಷದಲ್ಲಿ ಮಿದುಳಿನಿಂದ ಸ್ನಾಯು, ಕೊಬ್ಬಿಗೆ ಹಂಚಿಹೋಗುತ್ತದೆ. ಅಷ್ಟರೊಳಗೆ ಸೆವೊಫ್ಲುರೇನ್ ಶುರುವಾಗಿರಬೇಕು, ಅಥವಾ ಪ್ರೊಪೊಫಾಲ್ ಪಂಪಿನಲ್ಲಿ ಹೋಗುತ್ತಿರಬೇಕು. ಹಾಗೆ ಎಚ್ಚರವಾಗಿತ್ತು ಅಂತ ರೋಗಿ ಹೇಳಿದರೆ ದಯವಿಟ್ಟು ನಂಬಿ, ಕನಸು ಅಂತ ತಳ್ಳಿಹಾಕಬೇಡಿ.

ಮೊಮ್ಮಗನಿಗೆ ಎಂಟು ತಿಂಗಳು, ಹರ್ನಿಯಾ ಆಪರೇಶನ್ ಅಂದಿದ್ದಾರೆ. ಮಗು ಮಂದ ಆಗಲ್ವಾ ಡಾಕ್ಟ್ರೇ?

ಈ ಭಯಕ್ಕೆ ಕಾರಣವಿದೆ ಅಮ್ಮಾ. ಮರಿಪ್ರಾಣಿಗಳಿಗೆ ಬಹಳ ಹೊತ್ತು ಇಂಥ ಔಷಧ ಕೊಟ್ಟಾಗ ನರಕೋಶಗಳು ಸತ್ತದ್ದನ್ನು ನೋಡಿದ್ದಾರೆ. ಎಳೆ ಮಿದುಳಿನಲ್ಲಿ ಕೋಶದೊಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಗಾಬಾ ತಡೆಯುವ ಬದಲು ಕೆರಳಿಸಲೂಬಹುದು. ಆದರೆ ಮಕ್ಕಳ ಮೇಲೇ ಒಂದು ಅಂತರರಾಷ್ಟ್ರೀಯ ಅಧ್ಯಯನ ನಡೆಯಿತು, ಅದೂ ಹರ್ನಿಯಾ ಆಪರೇಶನ್ ಆದ 722 ಹಸುಗೂಸುಗಳ ಮೇಲೆ. ಅರ್ಧ ಮಕ್ಕಳಿಗೆ ಸೆವೊಫ್ಲುರೇನ್, ಅರ್ಧ ಮಕ್ಕಳಿಗೆ ಎಚ್ಚರವಿದ್ದಂತೆಯೇ ಸೊಂಟದ ಭಾಗ ಮಾತ್ರ ಮರಗಟ್ಟಿಸುವ ಅರಿವಳಿಕೆ. ಐದು ವರ್ಷವಾದಾಗ ಬುದ್ಧಿಮತ್ತೆ ಅಳೆದರೆ ಎರಡೂ ಗುಂಪು ಒಂದೇ ಸಮ ಇತ್ತು. ಒಂದು ಗಂಟೆಯೊಳಗಿನ ಒಂದು ಆಪರೇಶನ್ನಿಗೆ ಹೆದರಬೇಕಿಲ್ಲ. ಮೂರು ಗಂಟೆ ಮೀರಿದ ಅಥವಾ ಮತ್ತೆಮತ್ತೆ ಮಾಡುವ ಆಪರೇಶನ್ ಮುಂದೂಡಬಹುದಾದರೆ ಮುಂದೂಡುವ ಬಗ್ಗೆ ಡಾಕ್ಟರ ಜೊತೆ ಮಾತಾಡಿ.

ನಮ್ಮ ಯಜಮಾನರು ದಿನಾ ಕುಡಿತಾರೆ. ಡಾಕ್ಟರಿಗೆ ಹೇಳಿದರೆ ಆಪರೇಶನ್ ಮಾಡಲ್ಲ ಅಂತಾರೇನೋ ಅಂತ ಹೇಳಿಲ್ಲ. ಹಿಂದಿನ ದಿನ ಬಿಟ್ಟರೆ ಸಾಕಲ್ವಾ?

ಬೇಡಮ್ಮಾ, ಹಾಗೆ ಮಾಡಬೇಡಿ. ಮದ್ಯವೂ ಈ ಗಾಬಾ ಗ್ರಾಹಕಗಳ ಮೇಲೇ ಕೆಲಸ ಮಾಡುವುದು. ವರ್ಷಗಟ್ಟಲೆ ದಿನಾ ಕುಡಿದರೆ ಮಿದುಳು ಅದಕ್ಕೆ ಹೊಂದಿಕೊಂಡು ಗ್ರಾಹಕಗಳ ಬಲ ಇಳಿಸಿ, ಕೆರಳಿಸುವ ಕಡೆಯನ್ನು ಏರಿಸಿಕೊಂಡಿರುತ್ತದೆ. ಅಂಥವರಿಗೆ ಪ್ರೊಪೊಫಾಲ್ ಹೆಚ್ಚು ಬೇಕಾಗುತ್ತದೆ. ಕುಡಿದು ಅಮಲಿನಲ್ಲೇ ಬಂದರೆ ಕಡಿಮೆ ಸಾಕು. ಇನ್ನು ತಟ್ಟನೆ ಬಿಟ್ಟರೆ ತಡೆಯೂ ಇಲ್ಲ, ಮದ್ಯವೂ ಇಲ್ಲ. ಮೊದಲ ಎರಡು ದಿನದಲ್ಲಿ ಕೈನಡುಕ, ಫಿಟ್ಸ್ ಬರಬಹುದು. ಆಮೇಲೆ ಒಂದೆರಡು ದಿನಕ್ಕೆ ಬಡಬಡಿಕೆ, ಭ್ರಮೆ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಅದನ್ನು ಅನುಭವಿಸುವುದು ಬೇಡ. ಡಾಕ್ಟರ ಉಸ್ತುವಾರಿಯಲ್ಲಿ ಲೊರಾಜೆಪಾಮ್ ಥರದ ಮಾತ್ರೆ ಕೊಟ್ಟು, ಅದೇ ಗ್ರಾಹಕಕ್ಕೆ ಆಸರೆ ಕೊಟ್ಟು, ನಿಧಾನವಾಗಿ ಬಿಡಿಸುತ್ತಾರೆ. ಸಮಯ ಇರುವ ಆಪರೇಶನ್ ಆದರೆ ನಾಲ್ಕು ವಾರ ಮೊದಲೇ ಹೀಗೆ ಬಿಟ್ಟಿದ್ದರೆ ಆಮೇಲಿನ ತೊಂದರೆಗಳು ಕಡಿಮೆ. ತುರ್ತು ಆಪರೇಶನ್ ಆದರೆ ಕುಡಿಯುತ್ತಾರೆ ಅಂತ ಯಾರೂ ವಾಪಸು ಕಳಿಸುವುದಿಲ್ಲ. ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ, ಜೊತೆಗೆ ನಿದ್ದೆಮಾತ್ರೆ ಏನಾದರೂ ಇದೆಯಾ, ಇಷ್ಟನ್ನು ಅರಿವಳಿಕೆ ಡಾಕ್ಟರ ಹತ್ತಿರ ಪಕ್ಕಕ್ಕೆ ಕರೆದಾದರೂ ಹೇಳಿ. ಎಷ್ಟು ಪ್ರೊಪೊಫಾಲ್ ತುಂಬಿಕೊಳ್ಳಬೇಕು, ಆಪರೇಶನ್ ಆದ ಮೇಲೆ ಯಾವ ಹೊತ್ತಿನಿಂದ ಲೊರಾಜೆಪಾಮ್ ಶುರು ಮಾಡಬೇಕು ಅಂತ ನಾವು ಲೆಕ್ಕ ಹಾಕುವುದು ಆ ಉತ್ತರ ಇಟ್ಟುಕೊಂಡೇ.